ಫೈರ್ ಪಂಪಿನ ಪ್ಯಾನೆಲ್ ಬಾಗಿಲು ತೆಗೆಯಬೇಕಾದವರು ಯಾರು? ಎಎಂಸಿಗೆ ಬರುವ ಹುಡುಗರ ಬಳಿ ಪರ್ಮಿಟ್ ಇದೆಯೇ?

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಬೆಂಗಳೂರು
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. 14 ಮಹಡಿಯ ಅಪಾರ್ಟ್‌ಮೆಂಟ್ ನಮ್ಮದು. ಈ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಬ್ಯಾಂಕಿನಲ್ಲಿರುವವನು, ಕರೆಂಟಿನ ಕೆಲಸ ಕಲಿತವನಲ್ಲ. ಇವತ್ತು ಬೆಳಿಗ್ಗೆ ನೋಡಿದ್ದು ಕಣ್ಣಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೈರ್ ಪಂಪ್‌ಗಳಿಗೆ ನಾವು ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಕೊಟ್ಟಿದ್ದೇವೆ. ಮೂರು ತಿಂಗಳಿಗೊಮ್ಮೆ ಒಬ್ಬ ಹುಡುಗ ಬಂದು ಪಂಪ್ ಓಡಿಸಿ, ರಿಪೋರ್ಟ್ ಬರೆದು, ನಮ್ಮ ಸಹಿ ತೆಗೆದುಕೊಂಡು ಹೋಗುತ್ತಾನೆ. ಇದುವರೆಗೆ ನಾನು ಕೆಳಗೆ ಇಳಿದು ನೋಡಿರಲಿಲ್ಲ. ಇವತ್ತು ಹೋದೆ. ಪಂಪ್ ರೂಮ್ ಎರಡನೇ ಬೇಸ್‌ಮೆಂಟಿನಲ್ಲಿದೆ. ಪಂಪಿನ ಶಾಫ್ಟ್ ಸುತ್ತಲಿನ ಸೀಲಿನಿಂದ, ಅಂದರೆ ಗ್ಲ್ಯಾಂಡಿನಿಂದ, ನೀರು ಸೋರಿ ನೆಲವೆಲ್ಲ ಒದ್ದೆ. ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ. 75 ಎಚ್‌ಪಿ ಮೋಟಾರ್ ಓಡುತ್ತಿರುವಾಗಲೇ, ಪ್ಯಾನೆಲ್ ಬಾಗಿಲು ಕರೆಂಟಿರುವಾಗ ತೆರೆಯದಂತೆ ತಡೆಯುವ ಇಂಟರ್‌ಲಾಕನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಬಾಗಿಲು ತೆಗೆದ. ಬರಿಗೈಯಲ್ಲಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಒಳಗಿಟ್ಟು ಒಂದೊಂದೇ ಫೇಸಿನ ಆಂಪಿಯರ್ ಓದಿ ಹೇಳತೊಡಗಿದ.

"ಕರೆಂಟ್ ಆಫ್ ಮಾಡಿ ನೋಡಬಾರದೇನಪ್ಪಾ?" ಅಂದೆ. "ಆಫ್ ಮಾಡಿದ್ರೆ ಆಂಪಿಯರ್ ಎಲ್ಲಿಂದ ಬರುತ್ತೆ ಸಾರ್?" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಕೇಳಿದಾಗ ಗೊತ್ತಾಯಿತು, ಅವನು ಐಟಿಐ ಫಿಟ್ಟರ್. ವಯಸ್ಸು 22. ನನ್ನ ಮಗನಿಗಿಂತ ಒಂದು ವರ್ಷ ಚಿಕ್ಕವನು.

ಈ ಪ್ಯಾನೆಲ್ ತೆಗೆಯಲು ಕಾನೂನಿನ ಪ್ರಕಾರ ಯಾರಿಗೆ ಅರ್ಹತೆ ಇದೆ? ನಾವು ಏನು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಸೂಪರ್‌ವೈಸರ್ ಪರ್ಮಿಟ್, ಮೈಸೂರು
ಶನಿವಾರ ರಾತ್ರಿ 10:25

ಸರ್, ಇಳಿದು ನೋಡಿದಿರಲ್ಲ, ಬಹಳ ಸಂಘಗಳಲ್ಲಿ ಅದೇ ಆಗುವುದಿಲ್ಲ.

ಕಾನೂನಿನ ಭಾಗ ಮೊದಲು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ, 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದಿವೆ. ಅವುಗಳ ಸಾರ ಹೀಗೆ: ಕಟ್ಟಡದ ವಿದ್ಯುತ್ ಅಳವಡಿಕೆಯ (ವೈರಿಂಗ್, ಪ್ಯಾನೆಲ್) ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರನೇ ಮಾಡಿಸಬೇಕು. ಸಾಮರ್ಥ್ಯ ಪ್ರಮಾಣಪತ್ರ ಇರುವವರು ಸ್ಥಳದಲ್ಲಿ ನಿಂತು ಮೇಲ್ವಿಚಾರಣೆ ಮಾಡಬೇಕು. ಕೈ ಹಾಕುವವನ ಹತ್ತಿರ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಈ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮ್ಯಾನ್ ಪರ್ಮಿಟ್ ಎಲ್ಲವೂ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಬರುತ್ತವೆ. ಅಗ್ನಿಶಾಮಕ ಉಪಕರಣದ ಕಂಪನಿ ಅನ್ನುವ ಬೋರ್ಡು ಇದ್ದ ಮಾತ್ರಕ್ಕೆ ಎಲೆಕ್ಟ್ರಿಕಲ್ ಲೈಸೆನ್ಸ್ ಇದೆ ಎಂದಲ್ಲ. ಎರಡೂ ಬೇರೆ ಬೇರೆ.

ಹಾಗಾಗಿ ನಿಮ್ಮ ಎಎಂಸಿಯವರಿಗೆ ಪತ್ರ ಬರೆದು ಗುತ್ತಿಗೆದಾರರ ಲೈಸೆನ್ಸಿನ ಪ್ರತಿ ಮತ್ತು ಬರುವ ವ್ಯಕ್ತಿಯ ಪರ್ಮಿಟ್ ಪ್ರತಿ ಕೇಳಿ. ಅವಧಿ ಮುಗಿದಿದೆಯೇ ನೋಡಿ, ನವೀಕರಣ ಮಾಡಿಸದೆ ಹಾಗೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಒಂದು ಪ್ರಶ್ನೆ. ಪ್ಯಾನೆಲ್ ಬಾಗಿಲ ಮೇಲೆ ಆಂಪಿಯರ್ ತೋರಿಸುವ ಆಮ್ಮೀಟರ್ ಇಲ್ಲವೇ? ಇದ್ದರೆ ಹುಡುಗ ಯಾಕೆ ಬಾಗಿಲು ತೆಗೆದ?

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಬೆಂಗಳೂರು
ಶನಿವಾರ ರಾತ್ರಿ 10:50

ಇದೆ ಸರ್. ಆದರೆ ಮುಳ್ಳು ಸೊನ್ನೆ ಬಿಟ್ಟು ಮೇಲೇಳುವುದಿಲ್ಲ. ಹಳೆಯ ರಿಪೋರ್ಟುಗಳನ್ನು ಈಗ ತೆಗೆದು ನೋಡಿದೆ. ಎರಡು ವರ್ಷದಿಂದ ಪ್ರತಿ ರಿಪೋರ್ಟಿನ ಕೊನೆಯಲ್ಲಿ "ಆಮ್ಮೀಟರ್ ಕೆಟ್ಟಿದೆ, ಬದಲಿಸಬೇಕು" ಅಂತ ಬರೆದಿದ್ದಾರೆ. ಕೆಳಗೆ ನಮ್ಮ ಸಂಘದ ಸಹಿ.

ಸೂಪರ್‌ವೈಸರ್ ಪರ್ಮಿಟ್, ಮೈಸೂರು
ಶನಿವಾರ ರಾತ್ರಿ 10:58

ಸರ್, ಹಾಗಿದ್ದರೆ ಆ ಬಾಗಿಲು ತೆಗೆಸಿದ್ದು ಆ ಮೀಟರು. ಮೊದಲು ಅದನ್ನು ಸರಿಮಾಡಿಸಿ. ಬಾಗಿಲು ಮುಚ್ಚಿಯೇ ಓದಲಿ ಅಂತಲೇ ಅದನ್ನು ಹೊರಗೆ ಕೂರಿಸಿರುವುದು.

ಹುಬ್ಬಳ್ಳಿ ಫಿಟ್ಟರ್
ಭಾನುವಾರ ಬೆಳಿಗ್ಗೆ 7:15

ನಾನೂ ಐಟಿಐ ಫಿಟ್ಟರೇ ರೀ. ಹನ್ನೊಂದು ವರ್ಷ ಆತು ಪಂಪಿನ ಕೆಲಸ ಮಾಡಾಕತ್ತು. ಆ ಹುಡುಗನ ಜಾಗದಾಗ ನಾ ನಿಂತೀನಿ, ಅದಕ್ಕ ಬರೀತೀನಿ.

ನಮಗ ಗ್ಲ್ಯಾಂಡ್ ಪ್ಯಾಕಿಂಗ್ ಬದಲಿ ಮಾಡಾಕ, ಕಪ್ಲಿಂಗ್ ಅಲೈನ್‌ಮೆಂಟ್ ನೋಡಾಕ, ಬೇರಿಂಗ್ ಹಾಕಾಕ, ವಾಲ್ವ್ ಬಿಚ್ಚಾಕ ಕಲಿಸ್ಯಾರ. ಅದರಾಗ ನಾವು ಹುಷಾರ್ ಅದೀವಿ. ಆದ್ರ ಕಂಪನಿಯವರು ಒಬ್ಬನ್ನ ಕಳಿಸಿ ಎಲ್ಲಾ ಮಾಡ್ಕೊಂಡು ಬಾ ಅಂತಾರ. ರಿಪೋರ್ಟ್ ಫಾರ್ಮಿನ್ಯಾಗ ಆರ್, ವೈ, ಬಿ ಅಂತ ಮೂರು ಫೇಸಿಗೆ ಮೂರು ಡಬ್ಬಿ ಇರ್ತಾವ, ವೋಲ್ಟೇಜ್ ಬರಿ, ಆಂಪಿಯರ್ ಬರಿ. ಖಾಲಿ ಬಿಟ್ರ ಆಫೀಸಿನ್ಯಾಗ ಬೈತಾರ, ಪಾರ್ಟಿ ಸಹಿ ಮಾಡಂಗಿಲ್ಲ. ಇನ್ನೇನ್ ಮಾಡೋದು, ಬಾಗಿಲಾ ತಗೀತೀವಿ.

ಒಂದ್ಸಲ ನನಗ ಆದದ್ದು ಹೇಳ್ತೀನಿ. ಒಂದು ಕಾರ್ಖಾನ್ಯಾಗ ಮೇನ್ ಪಂಪಿನ ಮೋಟಾರ್ ಟರ್ಮಿನಲ್ ಬಾಕ್ಸ್ ಬಿಚ್ಚಬೇಕಿತ್ತು. ಅಲ್ಲಿಯ ಸೆಕ್ಯುರಿಟಿಯವಗ "ಮೇನ್ ತಗದುಬಿಡಪಾ" ಅಂದೆ. ಅಂವ ತಗದ. ರೂಮಿನ ಲೈಟ್ ಆರಿತು. ಟಾರ್ಚ್ ಹಿಡಕೊಂಡು ಬಾಕ್ಸ್ ಬಿಚ್ಚಾಕ ಕುಂತೆ. ಲೈಟ್ ಆರೈತಿ ಅಂದ್ರ ಕರೆಂಟ್ ಹೋತು ಅಂತ ನನ್ನ ತಲ್ಯಾಗ. ಎರಡು ಬೋಲ್ಟ್ ಬಿಚ್ಚಿದ್ದೆ, ಹೆಡರ್‌ನ ಪೈಪಿನ್ಯಾಗ ಪ್ರೆಶರ್ ಇಳಿದು ಪಂಪ್ ತಂತಾನ ಸ್ಟಾರ್ಟ್ ಆತು. ನನ್ನ ಕೈ ಬಾಕ್ಸಿನ ಮುಚ್ಚಳದ ಮ್ಯಾಲಿತ್ತು. ಒಳಗ ಇನ್ನೂ ಹೋಗಿರಲಿಲ್ಲ.

ಆಮ್ಯಾಲೆ ತಿಳೀತು, ಫೈರ್ ಪಂಪಿನ ಲೈನ್ ಬ್ಯಾರೇನ ಬಂದಿರ್ತೈತಿ ಅಂತ. ಅಲ್ಲಿಗಂಟ ನನಗ ಯಾರೂ ಹೇಳಿರಲಿಲ್ಲ. ಆ ದಿನ ಊರಿಗೆ ಫೋನ್ ಹಚ್ಚಿ ಅವ್ವನ ಜೋಡಿ ಮಾತಾಡಿದ್ದಷ್ಟ ನೆನಪೈತಿ.

ವಿದ್ಯುತ್ ಇಲಾಖೆ ನಿವೃತ್ತ, ತುಮಕೂರು
ಭಾನುವಾರ ಬೆಳಿಗ್ಗೆ 9:30

ಹುಬ್ಬಳ್ಳಿಯ ತಮ್ಮಾ, ದೇವರು ಕಾಪಾಡಿದ. ನೀವು ಬರೆದದ್ದನ್ನು ಇಲ್ಲಿರುವ ಪ್ರತಿಯೊಬ್ಬರೂ ಎರಡು ಸಲ ಓದಬೇಕು.

ಮನೆಯ ಮೋಟಾರಿಗೂ ಫೈರ್ ಪಂಪಿಗೂ ಇರುವ ವ್ಯತ್ಯಾಸ ಇದೇ. ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಕಟ್ಟಡದ ಮೇನ್ ತೆಗೆಯುವುದು. ಆ ಹೊತ್ತಿಗೆ ಪಂಪೂ ನಿಂತುಹೋದರೆ ನೀರಿಲ್ಲ. ಆದ್ದರಿಂದ ಪಂಪಿಗೆ ಕರೆಂಟ್ ತರುವ ಲೈನನ್ನು, ಅಂದರೆ ಫೀಡರನ್ನು, ಪ್ರತ್ಯೇಕವಾಗಿ ಎಳೆದಿರುತ್ತಾರೆ, ಕಟ್ಟಡದ ಉಳಿದ ಭಾಗ ಕತ್ತಲಾದರೂ ಪಂಪಿಗೆ ಕರೆಂಟ್ ಇರಲೆಂದು. ಅದರ ಮೇಲೆ ಜನರೇಟರ್. ಬೆಸ್ಕಾಂ ಕರೆಂಟ್ ಹೋಯಿತು, ಈಗ ನಿಶ್ಚಿಂತೆ ಎಂದು ಕೈ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಜನರೇಟರ್ ಎತ್ತಿಕೊಂಡು ಅದೇ ಬಸ್‌ಬಾರಿಗೆ ಕರೆಂಟ್ ಕೊಡುತ್ತದೆ. ಮೂರನೆಯದು ಪ್ರೆಶರ್ ಸ್ವಿಚ್. ಯಾರೂ ಬಟನ್ ಒತ್ತಬೇಕಾಗಿಲ್ಲ, ಲೈನಿನ ಒತ್ತಡ ಇಳಿದರೆ ಸಾಕು, ಪಂಪ್ ಏಳುತ್ತದೆ. ಎಲೆಕ್ಟ್ರಿಕ್ ಪಂಪ್ ಏಳದಿದ್ದರೆ ಡೀಸೆಲ್ ಪಂಪ್ ಏಳುತ್ತದೆ. ಎಲೆಕ್ಟ್ರಿಕ್ ಪಂಪಿನ ಕರೆಂಟ್ ಸರಿಯಾಗಿಯೇ ತೆಗೆದು, ಡೀಸೆಲ್ ಪಂಪಿನ ಸೆಲೆಕ್ಟರ್ ಆಟೋದಲ್ಲೇ ಬಿಟ್ಟು, ಅದರ ಕಪ್ಲಿಂಗ್ ಮೇಲೆ ಬಟ್ಟೆ ಇಟ್ಟು ಕೆಲಸಕ್ಕೆ ಕೂತವರನ್ನು ನಾನು ನೋಡಿದ್ದೇನೆ.

ಕಟ್ಟಡದಲ್ಲಿರುವವರ ಜೀವ ಉಳಿಸಲು ಏನೇನು ಏರ್ಪಾಡು ಮಾಡಿದ್ದಾರೋ ಅವೆಲ್ಲವೂ, ವಿಷಯ ತಿಳಿಯದೆ ಕೈ ಹಾಕಿದ ಕೆಲಸಗಾರನಿಗೆ ಅಪಾಯವಾಗುತ್ತವೆ. ಅದಕ್ಕೇ ಇಲ್ಲಿಗೆ ಕಲಿತವನೇ ಬರಬೇಕು.

ನಾವು ಲೈನಿನ ಮೇಲೆ ಹತ್ತುವ ಮೊದಲು ಎಲ್‌ಸಿ ತೆಗೆದುಕೊಳ್ಳುತ್ತಿದ್ದೆವು, ಲೈನ್ ಕ್ಲಿಯರ್. ಯಾರು ಆಫ್ ಮಾಡಿದರು, ಯಾವ ಫೀಡರ್, ಎಷ್ಟು ಗಂಟೆಗೆ, ಎಲ್ಲಾ ಪುಸ್ತಕದಲ್ಲಿ ಬರೆದು ಸಹಿ. ಎಲ್‌ಸಿ ತೆಗೆದುಕೊಂಡವನು ಕೆಳಗಿಳಿದು ಬಂದು ವಾಪಸ್ ಕೊಡುವವರೆಗೆ ಯಾರೂ ಆ ಸ್ವಿಚ್ ಮುಟ್ಟುವಂತಿಲ್ಲ. ಒಂದು ಅಪಾರ್ಟ್‌ಮೆಂಟಿನ ಪಂಪ್ ರೂಮಿಗೆ ಇದೇ ಪದ್ಧತಿ ಒಂದು ನೋಟ್‌ಬುಕ್ಕಿನಲ್ಲಿ ಸಾಧ್ಯ.

ಖಜಾಂಚಿ, ದಾವಣಗೆರೆ
ಭಾನುವಾರ ಬೆಳಿಗ್ಗೆ 11:05

ನನ್ನ ಮಾತು ಯಾರಿಗೂ ಬೇಸರ ಆಗದಿರಲಿ. ನಮ್ಮದು 24 ಮನೆಗಳ ಕಟ್ಟಡ, ಹಣದ ಲೆಕ್ಕ ನಾನು ನೋಡಿಕೊಳ್ಳುವುದು. ಎಎಂಸಿ ಒಬ್ಬರಿಗೆ, ಎಲೆಕ್ಟ್ರಿಕಲ್ ಇನ್ನೊಬ್ಬರಿಗೆ ಅಂದರೆ ಖರ್ಚು ಎರಡಾಗುತ್ತದೆ. ಪಂಪಿನ ಸರ್ಕ್ಯೂಟಿಗೆ ಕರೆಂಟ್ ಸೋರಿದರೆ ಟ್ರಿಪ್ ಆಗುವ ಒಂದು ಆರ್‌ಸಿಸಿಬಿ ಹಾಕಿಬಿಟ್ಟರೆ ಶಾಕ್ ಹೊಡೆದ ತಕ್ಷಣ ಟ್ರಿಪ್ ಆಗುತ್ತದಲ್ಲ? ಮನೆಗಳಲ್ಲಿ ಹಾಗೇ ಅಲ್ಲವೇ?

ಮಂಗಳೂರಿನವ, ದುಬೈ
ಭಾನುವಾರ ಮಧ್ಯಾಹ್ನ 1:20

ಖಜಾಂಚಿಯವರೇ, ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನಾನು ಇಲ್ಲಿ ದುಬೈಯಲ್ಲಿ ಒಂಬತ್ತು ವರ್ಷದಿಂದ ಫೈರ್ ಪಂಪ್ ಕಮಿಷನಿಂಗ್ ಮತ್ತು ಸರ್ವಿಸ್‌ನಲ್ಲಿದ್ದೇನೆ. ನಮ್ಮಲ್ಲಿ ಅಮೆರಿಕದ ಅಗ್ನಿ ಸುರಕ್ಷತಾ ಸಂಘದ ಮಾನದಂಡವಾದ ಎನ್‌ಎಫ್‌ಪಿಎ 20 ಪ್ರಕಾರ ಪಂಪ್ ಕೂರಿಸುವುದು, ಎನ್‌ಎಫ್‌ಪಿಎ 25 ಪ್ರಕಾರ ಪರೀಕ್ಷೆ ಮಾಡುವುದು.

ಆ ಪದ್ಧತಿಯಲ್ಲಿ ಫೈರ್ ಪಂಪಿನ ಸರ್ಕ್ಯೂಟಿಗೆ ಕರೆಂಟ್ ಭೂಮಿಗೆ ಸೋರಿದರೆ ಬೀಳುವ ಅರ್ಥ್ ಫಾಲ್ಟ್ ಟ್ರಿಪ್ ಕೊಡುವಂತೆಯೇ ಇಲ್ಲ. ಅಮೆರಿಕದ ವಿದ್ಯುತ್ ಸಂಹಿತೆಯ 695ನೇ ವಿಧಿ ಅದನ್ನು ನಿಷೇಧಿಸುತ್ತದೆ. ಕಾರಣ ಇಷ್ಟೇ: ಬೆಂಕಿ ಉರಿಯುವಾಗ ಮೋಟಾರಿನ ಇನ್ಸುಲೇಶನ್ ಸ್ವಲ್ಪ ಹಾಳಾಗಿದೆ ಎಂದು ಪಂಪ್ ನಿಲ್ಲಬಾರದು. ಮೋಟಾರ್ ಸುಟ್ಟುಹೋದರೂ ಚಿಂತೆಯಿಲ್ಲ, ಸುಡುವ ತನಕ ನೀರು ಕೊಡಲಿ ಅನ್ನುವುದು ಅಲ್ಲಿಯ ನೀತಿ. ಕಂಟ್ರೋಲರಿನ, ಅಂದರೆ ಪಂಪಿನ ಪ್ಯಾನೆಲ್ಲಿನ, ಬ್ರೇಕರ್ ಕೂಡ ಹಾಗೆಯೇ. ರೋಟರ್ ಪೂರ್ತಿ ಜಾಮ್ ಆಗಿ ಆರು ಪಟ್ಟು ಕರೆಂಟ್ ಎಳೆದರೂ ಅದು ಟ್ರಿಪ್ ಆಗಲು 8ರಿಂದ 20 ಸೆಕೆಂಡ್ ತೆಗೆದುಕೊಳ್ಳಬೇಕು. ಮೂರು ಪಟ್ಟು ಕರೆಂಟಿಗೆ ಮೂರು ನಿಮಿಷದೊಳಗೆ ಟ್ರಿಪ್ ಆಗಲೇಬಾರದು.

75 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ ಸುಮಾರು 100 ಆಂಪಿಯರ್ ಎಳೆಯುತ್ತದೆ. ಅದರ ಆರು ಪಟ್ಟು ಅಂದರೆ 600. ಮನುಷ್ಯನ ಮೈಯಲ್ಲಿ ಹರಿದು ಹೃದಯ ನಿಲ್ಲಿಸಬಲ್ಲ ಕರೆಂಟು ಎಷ್ಟು? ಒದ್ದೆ ಮೈ ಕರೆಂಟಿಗೆ ಒಡ್ಡುವ ರೋಧ ಸುಮಾರು ಸಾವಿರ ಓಮ್ ಹಿಡಿದರೆ, 230 ವೋಲ್ಟಿಗೆ 230 ಮಿಲಿಆಂಪಿಯರ್, ಅಂದರೆ ಕಾಲು ಆಂಪಿಯರಿಗೂ ಕಡಿಮೆ. ಮನೆಯ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಬೀಳುವುದು ಅದಕ್ಕೆ. 600 ಆಂಪಿಯರನ್ನು ಸಹಿಸಿಕೊಂಡು ನಿಲ್ಲುವಂತೆ ಕೂರಿಸಿದ ಬ್ರೇಕರಿಗೆ ಕಾಲು ಆಂಪಿಯರ್ ಕಾಣಿಸುವುದೇ ಇಲ್ಲ. ಹೀಗಾಗಿ ಮನೆಯಲ್ಲಿ ನಿಮ್ಮನ್ನು ಕಾಯುವ ಸಾಧನ ಆ ಪ್ಯಾನೆಲ್ಲಿನಲ್ಲಿ ಇಲ್ಲ ಎಂದುಕೊಂಡೇ ಅದರ ಮುಂದೆ ನಿಲ್ಲಬೇಕು.

ಇನ್ನೊಂದು, ಒಂದು ಕೈ ಆರ್ ಫೇಸಿಗೆ, ಇನ್ನೊಂದು ಕೈ ವೈ ಫೇಸಿಗೆ ತಗುಲಿದರೆ ಆರ್‌ಸಿಸಿಬಿ ಇದ್ದರೂ ಬೀಳುವುದಿಲ್ಲ. ಅದಕ್ಕೆ ನೀವೂ ಒಂದು ಮೋಟಾರಿದ್ದಂತೆ, ಅಷ್ಟೇ. ಆರ್‌ಸಿಸಿಬಿಯನ್ನು ಪಂಪ್ ರೂಮಿನ ಪ್ಲಗ್ ಪಾಯಿಂಟಿಗೆ ಹಾಕಿಸಿ, ಗ್ರೈಂಡರು, ಡ್ರಿಲ್ಲು ಚುಚ್ಚುವ ಜಾಗಕ್ಕೆ. ಅಲ್ಲಿ ಅದು ಜೀವ ಉಳಿಸುತ್ತದೆ. ಕೈದೀಪ 24 ವೋಲ್ಟಿನದ್ದಾಗಿರಲಿ.

ಶಾಕ್ ಒಂದೇ ಅಲ್ಲ, ಫ್ಲ್ಯಾಶ್ ಇದೆ. ನಿಮ್ಮ ಟ್ರಾನ್ಸ್‌ಫಾರ್ಮರ್ 500 ಕೆವಿಎ, ಇಂಪಿಡೆನ್ಸ್ (ಒಳಗಿನ ರೋಧ) ಶೇ 4.5 ಅಂದುಕೊಳ್ಳಿ. ಅದರ ಬಾಯಲ್ಲೇ ಶಾರ್ಟ್ ಆದರೆ ಹದಿನಾಲ್ಕೂವರೆ ಸಾವಿರ ಆಂಪಿಯರಿಗೂ ಮೇಲೆ ಹರಿಯುತ್ತದೆ. ಪಂಪ್ ರೂಮಿಗೆ ಬರುವಷ್ಟರಲ್ಲಿ ಕೇಬಲ್ಲಿನಲ್ಲಿ ಒಂದಷ್ಟು ಕಡಿಮೆಯಾದರೂ, ಬಸ್‌ಬಾರ್ ಮೇಲೆ ಸ್ಕ್ರೂಡ್ರೈವರ್ ಜಾರಿಬಿದ್ದರೆ ತಾಮ್ರ ಆವಿಯಾಗಿ ಮುಖಕ್ಕೆ ಬಡಿಯುತ್ತದೆ. ಕ್ಲ್ಯಾಂಪ್ ಮೀಟರ್ ಒಳಗಿಡುವಾಗ ಕೈ ತಪ್ಪುವುದು ಅರೆಕ್ಷಣದ ಮಾತು.

ಆಸ್ಪತ್ರೆ ಮೇಂಟೆನೆನ್ಸ್, ಶಿವಮೊಗ್ಗ
ಭಾನುವಾರ ಸಂಜೆ 4:45

ದುಬೈ ಸರ್, ನಮ್ಮ ಪ್ಯಾನೆಲ್ಲುಗಳಲ್ಲಿ ಕರೆಂಟ್ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಹಾಕಿರುವುದೇ ಹೆಚ್ಚು. ನೀವು ಹೇಳುವ ಎನ್‌ಎಫ್‌ಪಿಎ ಕಂಟ್ರೋಲರುಗಳು ಜಿಲ್ಲಾ ಊರುಗಳಲ್ಲಿ ಕಾಣಸಿಗುವುದು ಕಡಿಮೆ. ನಮಗೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ, ಪಂಪಿನ ಅಳವಡಿಕೆ ಮತ್ತು ನಿರ್ವಹಣೆಗೆ ಐಎಸ್ 15301. ಅದನ್ನು ಹೇಳದಿದ್ದರೆ ಓದುವವರಿಗೆ ಗೊಂದಲ ಆಗಬಹುದು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ, ಆಸ್ಪತ್ರೆಯೊಂದರಲ್ಲಿ ಮೇಂಟೆನೆನ್ಸ್ ನೋಡುತ್ತೇನೆ. ಎರಡು ಸಂಗತಿ ನನ್ನ ಅನುಭವದಿಂದ.

ಪ್ಯಾನೆಲ್ಲಿನ ಮುಖ್ಯ ಬ್ರೇಕರ್, ಅಂದರೆ ಎಂಸಿಸಿಬಿ, ಆಫ್ ಮಾಡಿದರೆ ಪ್ಯಾನೆಲ್ ಸತ್ತಿತು ಎಂದು ಎಷ್ಟೋ ಜನ ನಂಬಿದ್ದಾರೆ. ಎಂಸಿಸಿಬಿಯ ಕೆಳಗಿನ ಭಾಗ ಮಾತ್ರ ಸಾಯುತ್ತದೆ. ಮೇಲೆ ಕೇಬಲ್ ಬಂದು ಸೇರುವ ಲಗ್‌ಗಳಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಅದನ್ನೂ ಸಾಯಿಸಬೇಕೆಂದರೆ ಕಟ್ಟಡಕ್ಕೆಲ್ಲ ಕರೆಂಟ್ ಹಂಚುವ ಎಲ್‌ಟಿ ಪ್ಯಾನೆಲ್ಲಿಗೆ ಹೋಗಿ ಅಲ್ಲಿಯ ಫೀಡರ್ ತೆಗೆದು ಬೀಗ ಹಾಕಬೇಕು.

ಎರಡನೆಯದು ಕಂಟ್ರೋಲ್ ವೈರ್. ನಮ್ಮಲ್ಲಿ ಲೈನಿನ ಒತ್ತಡ ಕಾಯುವ ಸಣ್ಣ ಜಾಕಿ ಪಂಪಿನ ಪ್ಯಾನೆಲ್ಲಿನಿಂದ ಮೇನ್ ಪಂಪಿನ ಪ್ಯಾನೆಲ್ಲಿಗೆ ಇಂಟರ್‌ಲಾಕ್ ವೈರ್ ಎಳೆದಿದ್ದಾರೆ. ಮೇನ್ ಪಂಪಿನ ಫೀಡರ್ ತೆಗೆದರೂ ಆ ಸಣ್ಣ ವೈರಿನಲ್ಲಿ ಜಾಕಿ ಪ್ಯಾನೆಲ್ಲಿನ 230 ವೋಲ್ಟ್ ಬಂದು ಟರ್ಮಿನಲ್ ಸ್ಟ್ರಿಪ್ಪಿನಲ್ಲಿ ಕೂತಿರುತ್ತದೆ. ನಮ್ಮ ವೈರ್‌ಮ್ಯಾನ್ ಅಣ್ಣನಿಗೆ ಹಾಗೆ ಹೊಡೆದು ಮೊಣಕೈ ಬಾಗಿಲಿಗೆ ಬಡಿದು ಮೂಳೆ ಬಿರುಕು ಬಿಟ್ಟಿತು. ಅವರು ಪರ್ಮಿಟ್ ಇರುವವರು, ಇಪ್ಪತ್ತು ವರ್ಷದ ಅನುಭವ. ಪ್ಯಾನೆಲ್ಲಿನ ಡ್ರಾಯಿಂಗ್ ನಮ್ಮ ಹತ್ತಿರ ಇರಲಿಲ್ಲ, ತಪ್ಪು ನಮ್ಮದು. ಆಮೇಲೆ ನಾನೇ ಕೂತು ಒಂದೊಂದು ವೈರ್ ಹಿಡಿದು ಡ್ರಾಯಿಂಗ್ ಮಾಡಿದೆ. ಹೊರಗಿನಿಂದ ಕರೆಂಟ್ ಬರುವ ಟರ್ಮಿನಲ್ಲುಗಳಿಗೆ ಕೇಸರಿ ಬಣ್ಣದ ಸ್ಲೀವ್ ಹಾಕಿ, ಪಕ್ಕದಲ್ಲಿ "ಫೀಡರ್ ತೆಗೆದರೂ ಕರೆಂಟ್ ಇದೆ" ಎಂದು ಕನ್ನಡದಲ್ಲಿ ಅಂಟಿಸಿದ್ದೇನೆ.

ಸೂಪರ್‌ವೈಸರ್ ಪರ್ಮಿಟ್, ಮೈಸೂರು
ಭಾನುವಾರ ಸಂಜೆ 5:30

ಮೇಡಂ ಹೇಳಿದ್ದು ನೂರಕ್ಕೆ ನೂರು. ಪರ್ಮಿಟ್ ಇದ್ದರೂ ಆ ಪ್ಯಾನೆಲ್ ಗೊತ್ತಿರಬೇಕು.

ಇದಕ್ಕೆ ಟೆಸ್ಟರಿನ ವಿಷಯ ಸೇರಿಸುತ್ತೇನೆ. ಜೇಬಿನಲ್ಲಿರುವ ನಿಯಾನ್ ಟೆಸ್ಟರಿನಿಂದ ಕರೆಂಟ್ ಇಲ್ಲ ಎಂದು ತೀರ್ಮಾನ ಮಾಡಬೇಡಿ. ಅದು ಉರಿಯಬೇಕಾದರೆ ನಿಮ್ಮ ಮೈಯಿಂದ ಭೂಮಿಗೆ ದಾರಿ ಬೇಕು. ರಬ್ಬರ್ ಮ್ಯಾಟ್ ಮೇಲೆ, ಒಣ ಸ್ಟೂಲ್ ಮೇಲೆ ನಿಂತರೆ ಫೇಸ್ ಇದ್ದರೂ ಮಂಕಾಗಬಹುದು, ಬೆಳಕಿನಲ್ಲಿ ಕಾಣದೆಯೂ ಹೋಗಬಹುದು. ಸುರಕ್ಷತಾ ದರ್ಜೆ ಕ್ಯಾಟ್ 3 ಅಥವಾ ಕ್ಯಾಟ್ 4, 600 ವೋಲ್ಟ್ ಎಂದು ಬರೆದಿರುವ ಮೀಟರ್ ಬಳಸಿ. ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಕಡೆ ಇಟ್ಟು ಮೀಟರ್ ಸರಿಯಿದೆಯೇ ನೋಡಿ, ಆಮೇಲೆ ಕೆಲಸದ ಜಾಗ, ಮತ್ತೆ ಗೊತ್ತಿರುವ ಕಡೆ. ಫೇಸಿನಿಂದ ಫೇಸಿಗೆ, ಫೇಸಿನಿಂದ ನ್ಯೂಟ್ರಲಿಗೆ, ಫೇಸಿನಿಂದ ಅರ್ಥಿಗೆ, ಎಲ್ಲವೂ. ಮಧ್ಯದಲ್ಲಿ ಮೀಟರ್ ಕೆಟ್ಟಿದ್ದರೆ ಅದು ಸೊನ್ನೆಯನ್ನೇ ತೋರಿಸಬಹುದು, ನೀವು ಆ ಸೊನ್ನೆಯನ್ನು ನಂಬಿ ಕೈ ಹಾಕುತ್ತೀರಿ.

ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿಡುವ ಕೆಪ್ಯಾಸಿಟರ್ ಇದ್ದರೆ ಅದನ್ನು ಡಿಸ್‌ಚಾರ್ಜ್ ಮಾಡಿ, ಅರ್ಥ್ ಮಾಡಿದ ಮೇಲೇ ಮುಟ್ಟುವುದು.

ಮ್ಯಾಟ್ ಅಂದರೆ ಬಾಗಿಲ ಮುಂದೆ ಹಾಸುವ ಕರಿ ಮ್ಯಾಟ್ ಅಲ್ಲ. ಐಎಸ್ 15652 ಗುರುತು ಇರಬೇಕು, ನಮ್ಮ ವೋಲ್ಟೇಜಿಗೆ ಎ ದರ್ಜೆ ಸಾಕು. ಗ್ಲೌಸಿಗೆ ಐಎಸ್ 4770. ಹಾಕುವ ಮೊದಲು ಗಾಳಿ ತುಂಬಿ ಸುತ್ತಿ ಒತ್ತಿ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಬಿಸಾಡಿ.

ಹುಬ್ಬಳ್ಳಿ ಫಿಟ್ಟರ್
ಭಾನುವಾರ ರಾತ್ರಿ 8:10

ಮೈಸೂರಿನ ಸಾಹೇಬ್ರ, ಗ್ಲೌಸ್ ಕೊಡ್ರಿ ಅಂತ ಕೇಳಿದ್ರ ವೆಲ್ಡಿಂಗ್ ಮಾಡೋ ಚರ್ಮದ ಗ್ಲೌಸ್ ಕೊಟ್ಟಿದ್ದರು ನಮಗ. ಅದೂ ಬೆವರಿಗೆ ಒದ್ದಿ ಆಗಿರತಿತ್ತು. ಅದು ಬ್ಯಾರೆ, ಇದು ಬ್ಯಾರೆ ಅಂತ ನಮ್ಮ ಹುಡುಗರಿಗೂ ತಿಳಿಯೂದಿಲ್ಲ. ಇದನ್ನ ಪ್ರಿಂಟ್ ತಗದು ನಮ್ಮ ಶೆಡ್ಡಿನ್ಯಾಗ ಹಚ್ತೀನಿ.

ಖಜಾಂಚಿ, ದಾವಣಗೆರೆ
ಭಾನುವಾರ ರಾತ್ರಿ 8:50

ಆರ್‌ಸಿಸಿಬಿ ವಿಷಯ ಅರ್ಥವಾಯಿತು, ದುಬೈಯವರಿಗೆ ಧನ್ಯವಾದ. ಆದರೂ ಹೊರಗಿನ ಹುಡುಗ ತಾನಾಗಿ ತೆಗೆದು ಏನೋ ಆದರೆ ಅದು ಅವನ ಕಂಪನಿಯ ಜವಾಬ್ದಾರಿ ಅಲ್ಲವೇ? ಸಂಘ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ವಿದ್ಯುತ್ ಇಲಾಖೆ ನಿವೃತ್ತ, ತುಮಕೂರು
ಸೋಮವಾರ ಬೆಳಿಗ್ಗೆ 6:55

ವಿದ್ಯುತ್ ಅಳವಡಿಕೆ ಯಾರದ್ದೋ ಅದರ ಸುರಕ್ಷತೆಯ ಹೊಣೆ ಅವರ ಮೇಲೂ ಇದೆ. ಪರವಾನಗಿ ಇಲ್ಲದವರಿಂದ ಕೆಲಸ ಮಾಡಿಸಬಾರದು ಎನ್ನುವ ನಿಯಮ ಗುತ್ತಿಗೆದಾರನಿಗೆ ಮಾತ್ರ ಹೇಳಿದ್ದಲ್ಲ, ಮಾಲೀಕರಿಗೂ ಗ್ರಾಹಕರಿಗೂ ಹೇಳಿದ್ದು. ಅವಘಡ ಆದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಅವರು ಬಂದು ಮೊದಲು ಕೇಳುವುದು, ಕೆಲಸ ಮಾಡುತ್ತಿದ್ದವನ ಹತ್ತಿರ ಏನಿತ್ತು, ನೀವು ಏನು ನೋಡಿ ಒಳಗೆ ಬಿಟ್ಟಿರಿ.

ಕಾಗದದ ಮಾತು ಬದಿಗಿಡೋಣ. ಕೆಲಸ ಕಲಿಯದ ಕೈಯಿಂದ ಅಥವಾ ಸರಿಯಾದ ಉಪಕರಣ ಇಲ್ಲದೆ ಆದ ದುರಸ್ತಿ ಯಾರ್ಯಾರನ್ನು ತಲುಪುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ನನ್ನ ತಲೆಯಿಂದ ಹೋಗಿಲ್ಲ. 1997ರ ಜೂನ್ 13, ದೆಹಲಿಯ ಉಪಹಾರ್ ಚಿತ್ರಮಂದಿರ. ಅಲ್ಲಿಯ ನೆಲಮಹಡಿಯಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ ಅದೇ ದಿನ ಬೆಳಿಗ್ಗೆ ಬೆಂಕಿ ತಗುಲಿತ್ತು. ವಿದ್ಯುತ್ ಮಂಡಳಿಯವರು ಬಂದು ರಿಪೇರಿ ಮಾಡಿದರು. ಕೇಬಲ್ಲಿನ ಲಗ್ಗನ್ನು ಅದುಮಿ ಕೂರಿಸುವ ಕ್ರಿಂಪಿಂಗ್ ಮಷಿನ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು ಎಂದು ಮೊಕದ್ದಮೆಯಲ್ಲಿ ಬಂತು. ಸಡಿಲವಾದ ಆ ಜೋಡಣೆ ಬಿಸಿಯಾಗಿ, ಸಂಜೆ ಹೊತ್ತಿಗೆ ಕೇಬಲ್ ಕಳಚಿ ಬಿದ್ದು ಕಿಡಿ ಹಾರಿತು, ಟ್ರಾನ್ಸ್‌ಫಾರ್ಮರ್ ಎಣ್ಣೆ ಹೊತ್ತಿತು, ಹೊಗೆ ಬಾಲ್ಕನಿಗೆ ಏರಿತು. 59 ಜನ ಹೋದರು. ಒಂದು ಲಗ್, ಒಂದು ಬೆಳಗಿನ ಅವಸರದ ಕೆಲಸ.

ಲಗ್ ಸಡಿಲವಿದ್ದರೆ ನಿಮ್ಮ ಪಂಪಿನ ಪ್ಯಾನೆಲ್ಲಿನಲ್ಲೂ ಅದೇ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿದಾಗ ಏನೂ ಕಾಣುವುದಿಲ್ಲ. ಬೆಂಕಿ ಬಿದ್ದ ದಿನ ಗಂಟೆಗಟ್ಟಲೆ 100 ಆಂಪಿಯರ್ ಹರಿದಾಗ ಕರಗುತ್ತದೆ. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ ಎಲೆಕ್ಟ್ರಿಕಲ್ ಡಕ್ಟಿನಿಂದ ಎದ್ದ ಹೊಗೆಗೆ 9 ಜನ ಹೋದರು.

ಖಜಾಂಚಿ, ದಾವಣಗೆರೆ
ಸೋಮವಾರ ಬೆಳಿಗ್ಗೆ 8:30

ಸರಿ ಸರ್, ಒಪ್ಪಿದೆ. ನಮ್ಮಲ್ಲೂ ಪರ್ಮಿಟ್ ಕೇಳುತ್ತೇನೆ.

ಮಂಗಳೂರಿನವ, ದುಬೈ
ಸೋಮವಾರ ಮಧ್ಯಾಹ್ನ 12:40

ಕಾರ್ಯದರ್ಶಿಯವರು ಮೊದಲು ಬರೆದಿದ್ದ, ಆ ಹುಡುಗ ಕೇಳಿದ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆಫ್ ಮಾಡಿದರೆ ಆಂಪಿಯರ್ ಎಲ್ಲಿಂದ? ಈ ಜಗಳ ಅಮೆರಿಕದಲ್ಲೂ ಬಹಳ ನಡೆದಿದೆ. ವರ್ಷಕ್ಕೊಮ್ಮೆ ಪೂರ್ತಿ ನೀರು ಹರಿಸಿ ಪರೀಕ್ಷೆ ಮಾಡುವಾಗ ವೋಲ್ಟೇಜ್, ಆಂಪಿಯರ್ ಬರೆಯಲೇಬೇಕು ಎಂದು ಎನ್‌ಎಫ್‌ಪಿಎ 25 ಹೇಳುತ್ತದೆ. ಕರೆಂಟಿರುವ ಪ್ಯಾನೆಲ್ ತೆಗೆಯಬಾರದು, ತೆಗೆಯಲೇಬೇಕಾದರೆ ಅದಕ್ಕೆ ತರಬೇತಾದವನೇ, ಸರಿಯಾದ ರಕ್ಷಣಾ ಉಡುಪು ಹಾಕಿ ತೆಗೆಯಬೇಕು ಎಂದು ಅವರದೇ ವಿದ್ಯುತ್ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 70ಇ ಹೇಳುತ್ತದೆ. ನೀರಿನ ಕಡೆಯ ಪರೀಕ್ಷೆ ಮಾಡುವವರು ಸ್ಪ್ರಿಂಕ್ಲರ್ ಕಂಪನಿಯವರು, ಎಲೆಕ್ಟ್ರಿಷಿಯನ್ನರಲ್ಲ. ಅಲ್ಲಿ ಸಿಕ್ಕ ದಾರಿ ಎರಡು: ಕಂಟ್ರೋಲರಿನ ಹೊರಗೇ ರೀಡಿಂಗ್ ಕಾಣುವಂತೆ ಮೀಟರ್, ಅದಿಲ್ಲದಿದ್ದರೆ ಆ ಹೊತ್ತಿಗೆ ಅರ್ಹ ಎಲೆಕ್ಟ್ರಿಷಿಯನ್ನನ್ನು ಕರೆಸುವುದು. 70ಇ ಇನ್ನೊಂದು ಮಾತು ಹೇಳುತ್ತದೆ, ನನಗೆ ಬಹಳ ಹಿಡಿಸಿದ್ದು: ಒಬ್ಬನು ಒಂದು ಉಪಕರಣಕ್ಕೆ ಅರ್ಹನಾಗಿದ್ದು ಇನ್ನೊಂದಕ್ಕೆ ಅರ್ಹನಲ್ಲದೆ ಇರಬಹುದು. ಶಿವಮೊಗ್ಗ ಮೇಡಮ್ಮನ ವೈರ್‌ಮ್ಯಾನ್ ಅಣ್ಣನ ಕತೆ ಅದೇ.

ಮತ್ತೆ, ಪಂಪ್ ಬಂದ್ ಮಾಡಿ ಕೆಲಸ ಮಾಡುವಾಗ ಕಟ್ಟಡಕ್ಕೆ ರಕ್ಷಣೆ ಇಲ್ಲ ಎನ್ನುವುದು ನೆನಪಿರಲಿ. ಸೆಕ್ಯುರಿಟಿಗೆ, ನಿವಾಸಿಗಳಿಗೆ ಮೊದಲೇ ತಿಳಿಸಿ. ಎಲೆಕ್ಟ್ರಿಕ್ ಪಂಪ್ ಬಿಚ್ಚಿದಾಗ ಡೀಸೆಲ್ ಪಂಪ್ ತಯಾರಿರುವಂತೆ, ಡೀಸೆಲ್ ಬಿಚ್ಚಿದಾಗ ಎಲೆಕ್ಟ್ರಿಕ್ ತಯಾರಿರುವಂತೆ ಕೆಲಸ ಹಂಚಿಕೊಳ್ಳಿ. ಕೆಲಸ ಮಾಡುವವನ ಪಕ್ಕದಲ್ಲೇ ಡೀಸೆಲ್ ಎಂಜಿನ್ ಆಟೋದಲ್ಲಿದ್ದರೆ ಅದರ ಕಪ್ಲಿಂಗಿಗೆ ಗಾರ್ಡ್ ಇರಲೇಬೇಕು, ಮತ್ತು ಅದು ಯಾವಾಗ ಬೇಕಾದರೂ ಏಳುತ್ತದೆ ಎಂದು ಅವನಿಗೆ ಗೊತ್ತಿರಬೇಕು. ಕೆಲಸ ಮುಗಿದ ಮೇಲೆ ಸೆಲೆಕ್ಟರ್ ಆಟೋಗೆ ತಿರುಗಿಸಿದ್ದನ್ನು ಇಬ್ಬರು ನೋಡಿ ಬರೆಯಿರಿ. ಆಫ್‌ನಲ್ಲೇ ಉಳಿದ ಪಂಪ್ ಬೆಂಕಿ ಬಿದ್ದ ದಿನ ಏಳುವುದಿಲ್ಲ.

ಆಸ್ಪತ್ರೆ ಮೇಂಟೆನೆನ್ಸ್, ಶಿವಮೊಗ್ಗ
ಸೋಮವಾರ ಮಧ್ಯಾಹ್ನ 2:15

ಒಂದು ಸೇರಿಸಿ: ಒಬ್ಬರನ್ನೇ ಪಂಪ್ ರೂಮಿಗೆ ಬಿಡಬೇಡಿ. ಬೇಸ್‌ಮೆಂಟಿನಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ, ಬಿದ್ದರೆ ಗೊತ್ತಾಗುವುದು ಊಟಕ್ಕೆ ಬರಲಿಲ್ಲ ಅಂದಾಗ. ಪಕ್ಕದಲ್ಲಿ ನಿಲ್ಲುವವರಿಗೆ ಯಾವ ಸ್ವಿಚ್ ತೆಗೆಯಬೇಕು ಗೊತ್ತಿರಲಿ, ಕರೆಂಟ್ ತೆಗೆಯದೆ ಬಿದ್ದವರನ್ನು ಮುಟ್ಟಬಾರದು ಎನ್ನುವುದು ಗೊತ್ತಿರಲಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ ಒತ್ತುತ್ತಾ ಇರಬೇಕು, 108 ಬರುವ ತನಕ. ನಮ್ಮಲ್ಲಿ ಹೌಸ್‌ಕೀಪಿಂಗ್ ಅಕ್ಕಂದಿರಿಗೂ ಕಲಿಸಿದ್ದೇವೆ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಬೆಂಗಳೂರು
ಮೂರು ವಾರದ ನಂತರ, ಭಾನುವಾರ ಸಂಜೆ 6:20

ಎಲ್ಲರಿಗೂ ಋಣಿ. ಏನೇನಾಯಿತು ಹೇಳುತ್ತೇನೆ.

ಎಎಂಸಿಯವರ ಹತ್ತಿರ ಎಲೆಕ್ಟ್ರಿಕಲ್ ಲೈಸೆನ್ಸ್ ಇರಲಿಲ್ಲ. ಮುಚ್ಚಿಡದೆ ಹೇಳಿದರು. ಆದ್ದರಿಂದ ಕರಾರನ್ನು ತಿದ್ದಿದೆವು: ಪಂಪ್, ವಾಲ್ವ್, ಎಂಜಿನ್ ಅವರದು. ಪ್ಯಾನೆಲ್ ಬಾಗಿಲಿನ ಒಳಗಿನದೆಲ್ಲಾ ಪರವಾನಗಿ ಇರುವ ಗುತ್ತಿಗೆದಾರರದು, ವರ್ಷಕ್ಕೆರಡು ಸಲ. ಅವರ ಸೂಪರ್‌ವೈಸರ್ ಬಂದು ಎಲ್‌ಟಿ ಪ್ಯಾನೆಲ್ಲಿನಲ್ಲಿ ಫೀಡರ್ ತೆಗೆದು ಬೀಗ ಹಾಕಿ, ಬೀಗದ ಕೈ ತಮ್ಮ ಜೇಬಿನಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಿದರು. ಲಗ್‌ಗಳನ್ನು ಪರೀಕ್ಷಿಸುವಾಗ ಬಿ ಫೇಸಿನದು ಸಡಿಲವಿತ್ತು, ಸುತ್ತ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿತ್ತು. ತುಮಕೂರಿನ ಸರ್ ಬರೆದದ್ದು ಓದಿದ್ದರಿಂದ ಅದನ್ನು ನೋಡಿದಾಗ ಕೈ ನಡುಗಿತು. ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿದರು. ಜಾಕಿ ಪ್ಯಾನೆಲ್ಲಿನಿಂದ ಬರುವ ಇಂಟರ್‌ಲಾಕ್ ವೈರ್ ನಮ್ಮಲ್ಲೂ ಇತ್ತು, ಗುರುತು ಹಾಕಿಸಿದೆ.

ಬಾಗಿಲ ಮೇಲೆ ಹೊಸ ಡಿಜಿಟಲ್ ಮೀಟರ್ ಬಂದಿದೆ, ಮೂರೂ ಫೇಸಿನ ವೋಲ್ಟೇಜ್, ಆಂಪಿಯರ್ ತೋರಿಸುತ್ತದೆ. ಗ್ಲ್ಯಾಂಡ್ ನೀರು ನೆಲಕ್ಕೆ ಬೀಳದಂತೆ ಪೈಪ್ ಹಾಕಿ ಚರಂಡಿಗೆ ಬಿಟ್ಟೆವು. ಮ್ಯಾಟ್ ಹಾಸಿದೆವು. ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಎಲ್‌ಸಿ ಪುಸ್ತಕ ಅಂತಲೇ ಹೆಸರು.

ನಿನ್ನೆ ಅದೇ ಹುಡುಗ ಬಂದಿದ್ದ. ಕಾಲಲ್ಲಿ ಶೂ ಇತ್ತು. ಪಂಪ್ ಓಡಿಸಿ, ಬಾಗಿಲು ಮುಟ್ಟದೆ, ಹೊರಗಿನಿಂದಲೇ ಮೂರು ಡಬ್ಬಿ ತುಂಬಿದ. ಹೋಗುವಾಗ ಒಂದು ಮಾತು ಕೇಳಿದ: "ಸಾರ್, ಆ ಪರ್ಮಿಟ್ ನಾನೂ ತಗೋಬಹುದಾ? ಫಿಟ್ಟರ್ ಮಾಡಿದವನಿಗೆ ಕೊಡ್ತಾರಾ?" ಮೈಸೂರಿನ ಸರ್, ಅವನಿಗೆ ಏನು ಹೇಳಲಿ?

ಸೂಪರ್‌ವೈಸರ್ ಪರ್ಮಿಟ್, ಮೈಸೂರು
ಭಾನುವಾರ ರಾತ್ರಿ 9:05

ಫಿಟ್ಟರ್ ಸರ್ಟಿಫಿಕೇಟ್ ಸಾಕಾಗುವುದಿಲ್ಲ ಸರ್, ಎಲೆಕ್ಟ್ರಿಕಲ್ ಕಡೆಯ ಕಲಿಕೆಯೇ ಬೇಕು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು, ಅವನಿಗಿನ್ನೂ 22. ಮೊದಲು ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಿ ವೈರ್‌ಮ್ಯಾನ್ ಪರ್ಮಿಟ್ಟಿಗೆ ಈಗ ಏನೇನು ಕೇಳುತ್ತಾರೆ ಎಂದು ವಿಚಾರಿಸಿಕೊಂಡು ಬರಲಿ. ಅಲ್ಲಿಯವರೆಗೆ ಬಾಗಿಲು ಮುಟ್ಟುವುದು ಬೇಡ. ಅವನಿಗೆ ನನ್ನ ಬಳಿ ಮಾತಾಡಬೇಕು ಅನ್ನಿಸಿದರೆ ಇಲ್ಲೇ ಸಂದೇಶ ಹಾಕಲು ಹೇಳಿ, ನನ್ನ ಹಳೆಯ ಪುಸ್ತಕಗಳಿವೆ, ಕೊಡುತ್ತೇನೆ.

ಹುಬ್ಬಳ್ಳಿ ಫಿಟ್ಟರ್
ಭಾನುವಾರ ರಾತ್ರಿ 9:40

ಸಾಹೇಬ್ರ, ಪುಸ್ತಕ ಎರಡು ಜೋಡಿ ಇದ್ರ ನನಗೂ ಒಂದು ಇಡ್ರಿ.